ಸಾರಾ ಅಜ್ಜಿ ಮತ್ತು ಉಳಿದವರ ಲೆಕ್ಕ

2019ರ ಆಗಸ್ಟ್ 30ರಂದು ಶುಕ್ರವಾರ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಸಾರಾ ಕೊಹೆನ್ ತೀರಿಕೊಂಡರು. ಅವರಿಗೆ 96 ವರ್ಷ. ಮಾರನೇ ದಿನ ಬಂದ ಸುದ್ದಿಗಳಲ್ಲಿ ಅವರ ಹೆಸರಿನ ಜೊತೆಗೇ ಒಂದು ಕಳೆಯುವ ಲೆಕ್ಕವೂ ಇತ್ತು. ಕೊಚ್ಚಿಯಲ್ಲಿ ಪರದೇಶಿ ಯಹೂದಿಗಳು ಇನ್ನು ಇಬ್ಬರೇ ಉಳಿದಿದ್ದಾರೆ ಎಂಬುದು ಆ ಲೆಕ್ಕ. ಅಜ್ಜಿ ಹೋದರು ಎನ್ನುವುದಕ್ಕಿಂತ ಇಬ್ಬರು ಉಳಿದರು ಎನ್ನುವುದೇ ಹೆಚ್ಚಿನ ಕಡೆ ತಲೆಬರಹದಲ್ಲಿತ್ತು.

ಡಿಪ್ಲೊಮಾ ಒಟ್ಟಿಗೆ ಮುಗಿಸಿ ಬೇರೆ ಬೇರೆ ತಾಲೂಕುಗಳಲ್ಲಿ ಸ್ಟ್ರಿಂಗರ್ ಆಗಿರುವ ನಮಗೆ ಈ ಲೆಕ್ಕ ಹೊಸದಲ್ಲ. ಜಿಲ್ಲೆಯಿಂದ ಒಂದು ಸಾವಿನ ಸುದ್ದಿ ಕಳಿಸಿದರೆ ಡೆಸ್ಕ್‌ನಿಂದ ಬರುವ ಮೊದಲ ಪ್ರಶ್ನೆ, ‘ಏನು ವಿಶೇಷ?’ ಆ ಕಸುಬಿನ ಕೊನೆಯವರು, ಆ ಭಾಷೆ ಬಲ್ಲ ಕೊನೆಯವರು ಎಂದರೆ ಸುದ್ದಿಗೆ ಜಾಗ ಸಿಗುತ್ತದೆ. ಊರಿನವರಿಗೆಲ್ಲ ಬೇಕಾಗಿದ್ದ ಅಜ್ಜಿ ಎಂದಷ್ಟೇ ಬರೆದರೆ ನಾಲ್ಕು ಸಾಲಿಗೆ ಇಳಿಯುತ್ತದೆ, ಜಾಹೀರಾತು ಬಂದರೆ ಅದೂ ಇರುವುದಿಲ್ಲ. ಸಾರಾ ಕೊಹೆನ್ ಅವರನ್ನು ‘ಕೊನೆಯವರಲ್ಲಿ ಒಬ್ಬರು’ ಎಂಬ ಮಾತು ಬಿಟ್ಟು ನೆನೆಯಲು ಆಗುತ್ತದೆಯೇ ಎಂದು ನೋಡುವ ಆಸೆಯಿಂದ ಇದನ್ನು ಬರೆಯುತ್ತಿದ್ದೇವೆ.

ಅವರು ಬದುಕಿದ್ದಾಗ ಒಮ್ಮೆ ನಾವು ಮೂವರು ಮಂಗಳೂರಿನಿಂದ ರಾತ್ರಿ ರೈಲು ಹಿಡಿದು ಎರ್ನಾಕುಲಂಗೆ ಹೋಗಿ ಅಲ್ಲಿಂದ ದೋಣಿಯಲ್ಲಿ ಮಟ್ಟಾಂಚೇರಿಗೆ ದಾಟಿದ್ದೆವು. ಮೆಣಸು, ಶುಂಠಿಯ ವಾಸನೆಯ ಗೋದಾಮುಗಳನ್ನು ದಾಟಿದರೆ ಯಹೂದಿ ಬೀದಿ ಸಿಗುತ್ತದೆ. ಬೀದಿಯ ಕೊನೆಗೆ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಪಕ್ಕದಲ್ಲೇ ಕೊಚ್ಚಿ ರಾಜರ ಅರಮನೆ. ಸಿನಗಾಗಿನ ಗಡಿಯಾರ ಗೋಪುರ 1760ರದ್ದು, ಅದರ ಮುಖಗಳ ಮೇಲೆ ಮಲಯಾಳಂ, ಹೀಬ್ರೂ, ರೋಮನ್ ಅಂಕಿಗಳಿವೆ. ಒಳಗಡೆ ನೆಲಕ್ಕೆ ಚೀನಾದಿಂದ ತರಿಸಿದ ನೀಲಿ ಬಿಳುಪಿನ ಹೆಂಚುಗಳು. ಪ್ರವಾಸಿಗರು ತಲೆಯೆತ್ತಿ ಗಾಜಿನ ದೀಪಗಳನ್ನು ನೋಡುತ್ತಾರೆ, ಆಮೇಲೆ ತಲೆತಗ್ಗಿಸಿ ಹೆಂಚುಗಳನ್ನು ನೋಡುತ್ತಾರೆ, ಹೊರಗೆ ಬರುತ್ತಾರೆ. ಹೊರಗೆ ಬಂದವರು ಅದೇ ಬೀದಿಯ ಒಂದು ಮನೆಯ ಮುಂದೆ ನಿಲ್ಲುತ್ತಿದ್ದರು. ಅದು ಸಾರಾ ಕೊಹೆನ್ ಅವರ ಕಸೂತಿ ಅಂಗಡಿ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಅಷ್ಟೆ. ಯಹೂದಿ ಗಂಡಸರು ನೆತ್ತಿಯ ಮೇಲೆ ಇಡುವ ಪುಟ್ಟ ಟೋಪಿ ಕಿಪ್ಪಾ, ಹಬ್ಬದ ರೊಟ್ಟಿಗೆ ಹೊದಿಸುವ ಬಟ್ಟೆ, ಮೇಜಿನ ಹಾಸು, ಕರವಸ್ತ್ರ, ಎಲ್ಲದರ ಮೇಲೂ ಬಣ್ಣದ ನೂಲು. ಶುಕ್ರವಾರ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಯಹೂದಿಗಳ ಶಬ್ಬಾತ್ ಶುರುವಾಗುತ್ತದೆ. ಶನಿವಾರ ಸಂಜೆಯವರೆಗೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ಆ ರಾತ್ರಿಯ ಊಟಕ್ಕೆ ಮೊದಲು ಮನೆಯೊಡತಿ ದೀಪ ಹಚ್ಚಬೇಕು, ರೊಟ್ಟಿಗೆ ಬಟ್ಟೆ ಹೊದಿಸಿಟ್ಟು ಪ್ರಾರ್ಥನೆ ಹೇಳಬೇಕು. ಆ ಬಟ್ಟೆಯನ್ನು ಸಾರಾ ಹೊಲಿಯುತ್ತಿದ್ದರು. ಇಸ್ರೇಲಿನಿಂದ, ಅಮೆರಿಕದಿಂದ ಬಂದವರು ಕೊಂಡು ಹೋಗುತ್ತಿದ್ದರು. ಕೊಚ್ಚಿಯಲ್ಲಿ ಶಬ್ಬಾತ್ ಆಚರಿಸುವ ಮನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲೇ ಇಲ್ಲಿ ಹೊಲಿದ ಬಟ್ಟೆ ಬೇರೆ ದೇಶಗಳ ಶಬ್ಬಾತ್ ಮೇಜಿನ ಮೇಲೆ ಕೂತಿತ್ತು.

ನಾವು ಹೋದಾಗ ಅಜ್ಜಿಗೆ ತೊಂಬತ್ತು ದಾಟಿತ್ತು. ಹೂವಿನ ಚಿತ್ತಾರದ ಫ್ರಾಕು, ತಲೆಯ ಮೇಲೆ ಕಸೂತಿಯ ಟೋಪಿ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ನಾವು ನಮಸ್ಕಾರ ಮಾಡಿದೆವು, ಅವರು ತಲೆಯಾಡಿಸಿದರು. ಸಂದರ್ಶನ ಕೇಳಲಿಲ್ಲ. ನಮ್ಮಲ್ಲೊಬ್ಬರು ರೊಟ್ಟಿಗೆ ಹೊದಿಸುವ ಒಂದು ಬಟ್ಟೆ ಕೊಂಡರು. ಅದು ಈಗ ಆ ಮನೆಯಲ್ಲಿ ದೇವರ ಕೋಣೆಯ ಹಣ್ಣಿನ ಬುಟ್ಟಿಯ ಮೇಲಿದೆ. ಅವರ ಅಮ್ಮನಿಗೆ ಅದರ ಹೀಬ್ರೂ ಅಕ್ಷರ ಓದಲು ಬರುವುದಿಲ್ಲ, ಹೊಲಿಗೆ ಎಷ್ಟು ಸಮವಾಗಿದೆ ನೋಡಿ ಎಂದು ಬಂದವರಿಗೆಲ್ಲ ತೋರಿಸುತ್ತಾರೆ.

96 ವರ್ಷ ಎಂದರೆ ಎಷ್ಟು ಉದ್ದ ಎಂಬುದು ಆ ಬೀದಿಯ ಚರಿತ್ರೆಯ ಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಸಾರಾ ಹುಟ್ಟಿದಾಗ ಕೊಚ್ಚಿಯಲ್ಲಿ ಮಹಾರಾಜರ ಆಳ್ವಿಕೆ ಇತ್ತು. ಅವರು ತರುಣಿಯಾಗಿದ್ದಾಗ 1947 ಬಂತು. 1948ರಲ್ಲಿ ಇಸ್ರೇಲ್ ಹುಟ್ಟಿತು. 1949ರಲ್ಲಿ ಕೊಚ್ಚಿ ತಿರುವಾಂಕೂರಿನ ಜೊತೆ ಸೇರಿತು, 1956ರಲ್ಲಿ ಕೇರಳವಾಯಿತು. ಅದೇ ಐವತ್ತರ ದಶಕದಲ್ಲಿ ಕೇರಳದ ಯಹೂದಿಗಳು ಊರೂರೇ ಖಾಲಿ ಮಾಡಿ ಇಸ್ರೇಲಿಗೆ ಹೊರಟರು. ನೆಗೆವ್ ಮರುಭೂಮಿಯ ನೆವಾಟಿಂ ಎಂಬಲ್ಲಿ ಕೊಚ್ಚಿಯವರದ್ದೇ ಒಂದು ಹಳ್ಳಿಯಾಯಿತು. ತೆಂಗು, ಹಿನ್ನೀರು ಬಿಟ್ಟು ಹೋದವರು ಮರಳಿನಲ್ಲಿ ಕೃಷಿ ಕಲಿತರು. 1968ರ ಡಿಸೆಂಬರ್‌ನಲ್ಲಿ ಪರದೇಶಿ ಸಿನಗಾಗಿಗೆ 400 ವರ್ಷ ತುಂಬಿದ ಹಬ್ಬಕ್ಕೆ ಪ್ರಧಾನಿ ಇಂದಿರಾ ಗಾಂಧಿ ಬಂದರು, ಅಂಚೆ ಇಲಾಖೆ ಅಂಚೆಚೀಟಿ ತಂದಿತು. ಆ ಹಬ್ಬ ಮುಗಿದ ಮೇಲೂ ಬೀದಿಯ ಮನೆಗಳಿಗೆ ಬೀಗ ಬೀಳುವುದು ನಿಲ್ಲಲಿಲ್ಲ. ಸಾರಾ ಮತ್ತು ಅವರ ಗಂಡ ಜೇಕಬ್ ಕೊಹೆನ್ ಹೋಗಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ.

ಎಂಬತ್ತರ ದಶಕದಲ್ಲಿ ಆ ಬೀದಿಯಲ್ಲಿ ಪ್ರವಾಸಿಗರಿಗೆ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ಒಬ್ಬ ಮುಸ್ಲಿಂ ಹುಡುಗನಿದ್ದ. ಹೆಸರು ತಾಹಾ ಇಬ್ರಾಹಿಂ. ಶಾಲೆ ಅರ್ಧಕ್ಕೇ ಬಿಟ್ಟವನು. ಸಾಮಾನು ಇಟ್ಟುಕೊಳ್ಳಲು ಜೇಕಬ್ ತಮ್ಮ ಮನೆಯಲ್ಲಿ ಜಾಗ ಕೊಟ್ಟರು. ಸಾರಾ ಅವರಿಗೆ ಮೊದಲು ಈ ಹುಡುಗ ಅಷ್ಟಾಗಿ ಹಿಡಿಸಿರಲಿಲ್ಲ ಎಂದು ತಾಹಾ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆಮೇಲೆ ಹೊಲಿಗೆಯ ಕೆಲಸದಲ್ಲಿ ಕೈ ಸೇರಿಸಿದ, ಅವರಿಂದಲೇ ಕಲಿತ. ಕಿಪ್ಪಾ ಹೊಲಿಯುವ ಮುಸ್ಲಿಂ ಎಂದು ಅವರನ್ನು ನೋಡಲು ಬರುವವರು ಈಗಲೂ ಇದ್ದಾರೆ. ಅವರ ಬಾಯಲ್ಲಿ ಆಕೆ ಯಾವತ್ತೂ ‘ಸಾರಾ ಆಂಟಿ’.

1999ರಲ್ಲಿ ಜೇಕಬ್ ತೀರಿಕೊಂಡರು. ಸಾರಾ ಅವರನ್ನು ನೋಡಿಕೋ ಎಂದು ಹೋಗುವ ಮೊದಲು ತಾಹಾ ಅವರಿಂದ ಮಾತು ತೆಗೆದುಕೊಂಡಿದ್ದರು. ಅಲ್ಲಿಂದ 2019ರವರೆಗೆ 20 ವರ್ಷ. ಈ ಕಥೆ ಹೇಳುವಾಗ ಎಲ್ಲರೂ ‘ಸೌಹಾರ್ದ’ ಎಂಬ ಪದ ಬಳಸುತ್ತಾರೆ. ಪದ ಸುಳ್ಳಲ್ಲ. ಆದರೆ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಂಡವರಿಗೆ 20 ವರ್ಷದ ಒಳಗೆ ಏನೇನಿರುತ್ತದೆ ಎಂದು ಗೊತ್ತು. ಔಷಧದ ಹೊತ್ತು, ರಾತ್ರಿ ಎದ್ದು ನೋಡುವುದು, ಊಟ ಬೇಡ ಎಂಬ ಹಠ, ಡಾಕ್ಟರು, ಬಿಲ್ಲು, ಕೇಳಿದ್ದನ್ನೇ ಮತ್ತೆ ಕೇಳಿದಾಗ ಮತ್ತೆ ಹೇಳುವುದು. ಅದರ ಮೇಲೆ ಇಲ್ಲಿ ಇನ್ನೊಂದು ಧರ್ಮದ ಅಡುಗೆಮನೆಯ ನಿಯಮಗಳು. ಮಾಂಸ ಮತ್ತು ಹಾಲನ್ನು ಬೆರೆಸುವಂತಿಲ್ಲ, ಶಬ್ಬಾತ್ ದಿನ ಬೆಂಕಿ ಹಚ್ಚುವಂತಿಲ್ಲ, ಪೆಸಾಹ್ ಹಬ್ಬದಲ್ಲಿ ಹುಳಿಬರಿಸಿದ ಹಿಟ್ಟು ಮನೆಯೊಳಗೆ ಇರುವಂತಿಲ್ಲ. ನಂಬದೇ ಇರುವ ನಿಯಮವನ್ನು ಇನ್ನೊಬ್ಬರಿಗಾಗಿ ಕಾಯುವುದು ಭಾಷಣದಲ್ಲಿ ಹೇಳುವಷ್ಟು ಸಲೀಸಲ್ಲ. ಅದು ದಿನಾ ಬೆಳಗ್ಗೆ ಎದ್ದು ಮಾಡಬೇಕಾದ ಕೆಲಸ.

ಯಹೂದಿಗಳಲ್ಲಿ ಸತ್ತವರಿಗಾಗಿ ಕದ್ದಿಷ್ ಎಂಬ ಪ್ರಾರ್ಥನೆ ಹೇಳುತ್ತಾರೆ. ಸಾಮಾನ್ಯವಾಗಿ ಅದನ್ನು ಹೇಳುವುದು ಮಗ. ಒಬ್ಬನೇ ಹೇಳುವಂತೆಯೂ ಇಲ್ಲ, ಹಳೆಯ ಸಂಪ್ರದಾಯದಂತೆ ಪ್ರಾಯಕ್ಕೆ ಬಂದ ಹತ್ತು ಮಂದಿ ಗಂಡಸರು ಸೇರಿರಬೇಕು. ಪರದೇಶಿ ಸಿನಗಾಗಿನಲ್ಲಿ ಹೊರಗಿನಿಂದ ಬಂದವರನ್ನು ಸೇರಿಸಿಕೊಳ್ಳದೆ ಹತ್ತು ಮಂದಿ ಆಗುತ್ತಿರಲಿಲ್ಲ. ನಮ್ಮ ಕಡೆ ಮಗನಿಲ್ಲದವರ ಚಿತೆಗೆ ಯಾರು ಕೊಳ್ಳಿ ಇಡುವುದು ಎಂದು ಅಂಗಳದಲ್ಲಿ ಗುಸುಗುಸು ನಡೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಮಕ್ಕಳಿಲ್ಲದ, ಸಮುದಾಯವೂ ಕರಗಿದ ಈ ಅಜ್ಜಿಗೆ ಅಳುವವರು ಯಾರು ಎಂಬ ಪ್ರಶ್ನೆಯೂ ಅದೇ ಜಾತಿಯದ್ದು. ಶನಿವಾರ ಶಬ್ಬಾತ್, ಅಂತ್ಯಕ್ರಿಯೆ ಮಾಡುವಂತಿಲ್ಲ. ಭಾನುವಾರ ಮಟ್ಟಾಂಚೇರಿಯ ಯಹೂದಿ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು. ಉಳಿದವರು ಇಬ್ಬರೇ ಎಂದ ಲೆಕ್ಕದಲ್ಲಿ ಈ ಮನೆಯವರು, ಅಕ್ಕಪಕ್ಕದವರು ಯಾರೂ ಬರುವುದಿಲ್ಲ.

ಆ ಲೆಕ್ಕದಲ್ಲಿ ಇನ್ನೂ ಒಂದು ತೊಡಕಿದೆ. ‘ಇಬ್ಬರು’ ಎಂಬುದು ಪರದೇಶಿ ಯಹೂದಿಗಳಿಗೆ ಮಾತ್ರ ಸರಿ. ಪರದೇಶಿಗಳು ಎಂದರೆ ಹದಿನಾರನೇ ಶತಮಾನದಿಂದೀಚೆಗೆ ಸ್ಪೇನ್, ಪೋರ್ಚುಗಲ್, ಬಾಗ್ದಾದ್ ಕಡೆಗಳಿಂದ ಬಂದವರ ಸಂತತಿ. ಅವರಿಗಿಂತ ಎಷ್ಟೋ ಮೊದಲಿಂದ ಇದ್ದವರು ಮಲಬಾರಿ ಯಹೂದಿಗಳು. ಕೇರಳದ ಎಂಟು ಸಿನಗಾಗುಗಳಲ್ಲಿ ಏಳು ಅವರವು. ಪರದೇಶಿಗಳನ್ನು ‘ಬಿಳಿಯರು’, ಮಲಬಾರಿಗಳನ್ನು ‘ಕರಿಯರು’ ಎಂದು ಕರೆದು, ಒಬ್ಬರು ಇನ್ನೊಬ್ಬರೊಂದಿಗೆ ಮದುವೆ ಸಂಬಂಧ ಮಾಡದೆ ಶತಮಾನಗಳು ಕಳೆದವು. ದಾಸ್ಯದಿಂದ ಬಿಡುಗಡೆಯಾದವರ ಸಂತತಿಯವರು ಪರದೇಶಿ ಸಿನಗಾಗಿಗೇ ಸೇರಿದ್ದರೂ ಒಳಗೆ ಬೆಂಚಿನ ಮೇಲೆ ಕೂರುವಂತಿರಲಿಲ್ಲ, ಹೊರಕೋಣೆಯಲ್ಲಿ ನೆಲದ ಮೇಲೆ ಕೂರಬೇಕಿತ್ತು. ಅದರ ವಿರುದ್ಧ ವಕೀಲ ಎ.ಬಿ. ಸೇಲಂ ಸಿನಗಾಗಿನಲ್ಲೇ ಸತ್ಯಾಗ್ರಹ ಮಾಡಿದರು. ಜನ ಅವರನ್ನು ‘ಯಹೂದಿ ಗಾಂಧಿ’ ಎಂದರು. ಪಂಕ್ತಿಭೇದ ನೋಡಿ ಬೆಳೆದ ನಮ್ಮ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾರಾ ತೀರಿಕೊಂಡಾಗ ಎರ್ನಾಕುಲಂ ಸುತ್ತಮುತ್ತ ಒಂದಷ್ಟು ಮಲಬಾರಿ ಯಹೂದಿಗಳು ಬದುಕಿದ್ದರು. ಎರ್ನಾಕುಲಂ ಮಾರ್ಕೆಟ್ಟಿನಲ್ಲಿ ಅವರ ಒಂದು ಸಿನಗಾಗಿದೆ, ಮುಂಭಾಗದಲ್ಲಿ ಬಣ್ಣದ ಮೀನು ಮತ್ತು ಗಿಡಗಳ ಅಂಗಡಿ. ಅಂಗಡಿ ನಡೆಸಿದವರೇ ದೇವಾಲಯದ ಕೀಲಿಯನ್ನೂ ಕಾಯ್ದರು. ಪ್ರವಾಸಿ ಬಸ್ಸು ಅಲ್ಲಿಗೆ ಹೋಗುವುದು ಕಡಿಮೆ. ‘ಕೊಚ್ಚಿಯ ಕೊನೆಯ ಯಹೂದಿಗಳು’ ಎಂದು ಬರೆದಾಗೆಲ್ಲ ಬದುಕಿದ್ದ ಈ ಜನ ಎಣಿಕೆಯಿಂದ ಹೊರಗೆ ಉಳಿದರು. 2019ರ ಅದೇ ಸೆಪ್ಟೆಂಬರ್‌ನಲ್ಲಿ, ಅಜ್ಜಿ ಹೋದ ಕೆಲವೇ ದಿನಗಳಲ್ಲಿ, ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಮುಂಭಾಗ ಮಳೆಗೆ ಕುಸಿಯಿತು. ಅದು ಮಲಬಾರಿಗಳದ್ದು. ಅದರ ಒಳಗಿನ ಮರದ ಕೆತ್ತನೆ ಬಹಳ ಹಿಂದೆಯೇ ಜೆರುಸಲೇಮಿನ ವಸ್ತುಸಂಗ್ರಹಾಲಯ ಸೇರಿ ಅಲ್ಲಿ ಜೋಪಾನವಾಗಿದೆ. ಇಲ್ಲಿ ಉಳಿದದ್ದು ಗೋಡೆ.

ಕೊಚ್ಚಿಯ ಯಹೂದಿ ಅಜ್ಜಿಯರನ್ನು ನೆನೆಯುವಾಗ ರೂಬಿ ಡೇನಿಯಲ್ ಅವರ ಹೆಸರು ಬಿಡುವಂತಿಲ್ಲ. ಅವರು 1912ರಲ್ಲಿ ಇದೇ ಯಹೂದಿ ಬೀದಿಯಲ್ಲಿ, ಬೆಂಚಿನ ಮೇಲೆ ಕೂರಬಾರದೆಂದು ಇಟ್ಟ ಗುಂಪಿನಲ್ಲಿ ಹುಟ್ಟಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಮಹಿಳಾ ವಿಭಾಗದಲ್ಲಿ ಕೆಲಸ ಮಾಡಿದರು. 1951ರಲ್ಲಿ ಇಸ್ರೇಲಿಗೆ ಹೋದರು. ಅಜ್ಜಿಯಿಂದ ಕೇಳಿದ ಕಥೆಗಳನ್ನು, ಹಾಡುಗಳನ್ನು ನೆನಪಿನಿಂದ ತೆಗೆದು, ಬಾರ್ಬರಾ ಜಾನ್ಸನ್ ಎಂಬ ವಿದ್ವಾಂಸೆಯ ಜೊತೆ ಸೇರಿ ಬರೆದ ಆತ್ಮಕಥೆ ‘ರೂಬಿ ಆಫ್ ಕೊಚ್ಚಿನ್’ 1995ರಲ್ಲಿ ಅಚ್ಚಾಯಿತು. ಅವರನ್ನು ನೋಡಲು ಯಾರೂ ಕಿಟಕಿಯ ಮುಂದೆ ಸಾಲು ನಿಲ್ಲಲಿಲ್ಲ. ಅವರು ತಾವೇ ಬರೆದುಕೊಂಡರು. ಹಾಗಾಗಿ ಅವರ ಅಜ್ಜಿ ಉಳಿದರು.

ಆ ಹಾಡುಗಳ ಬಗ್ಗೆ ಸ್ವಲ್ಪ ಹೇಳಬೇಕು. ಕಟ್ಟುನಿಟ್ಟಿನ ಯಹೂದಿ ಸಂಪ್ರದಾಯದಲ್ಲಿ ಗಂಡಸರ ಎದುರು ಹೆಂಗಸರು ಹಾಡುವುದಿಲ್ಲ. ಕೊಚ್ಚಿಯಲ್ಲಿ ಹಾಡುತ್ತಿದ್ದರು. ಮದುವೆಯಲ್ಲಿ, ಹಬ್ಬದಲ್ಲಿ, ಹೊಸ ಮನೆಗೆ ಹೋಗುವಾಗ, ಮಲಯಾಳಂನಲ್ಲೇ. ಬೈಬಲಿನ ಕಥೆಗಳು, ಊರಿನ ಕಥೆಗಳು, ಮದುಮಗಳ ವರ್ಣನೆ. ಹೆಂಗಸರು ಅವನ್ನು ಕೈಬರಹದ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟು ಮಗಳಿಗೆ, ಮೊಮ್ಮಗಳಿಗೆ ಕೊಟ್ಟರು. ನಮ್ಮಲ್ಲಿ ಸೋಬಾನೆ, ಹಸೆ ಹಾಡುಗಳು ಅಜ್ಜಿಯಿಂದ ಬರುವಂತೆಯೇ. ಇಸ್ರೇಲಿಗೆ ಹೋದ ಪೆಟ್ಟಿಗೆಗಳಲ್ಲಿ ಆ ನೋಟ್‌ಬುಕ್ಕುಗಳೂ ಹೋದವು. ಕೇರಳದ ಸ್ಕರಿಯಾ ಸಖರಿಯಾ ಮತ್ತಿತರ ವಿದ್ವಾಂಸರು ಅವನ್ನು ಓದಿ ಮಲಯಾಳಂ ಮತ್ತು ಹೀಬ್ರೂ ಎರಡರಲ್ಲೂ 2005ರಲ್ಲಿ ಪುಸ್ತಕ ಮಾಡಿದರು. ಗಂಡಸರ ಪ್ರಾರ್ಥನೆ ಹೀಬ್ರೂವಿನಲ್ಲಿತ್ತು, ಅದು ಎಲ್ಲ ದೇಶದಲ್ಲೂ ಸಿಗುತ್ತದೆ. ಕೊಚ್ಚಿಯದ್ದೇ ಆದದ್ದು ಅಜ್ಜಿಯರ ನೋಟ್‌ಬುಕ್ಕಿನಲ್ಲಿತ್ತು.

ನಮ್ಮ ಮಂಗಳೂರಿಗೂ ಇಂಥದೊಂದು ಕಥೆ ಇದೆ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಸುಮಾರು 17 ವರ್ಷ ಈ ಕರಾವಳಿಯಲ್ಲಿ ಇದ್ದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗಿನ ಕಾಗದದ ರಾಶಿಯಲ್ಲಿ ಸಿಕ್ಕಿದವು. ಅವನ ಆಳು ಬೊಮ್ಮನ ಜಾಡು ಹಿಡಿದು ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದದ್ದು, 1992ರಲ್ಲಿ ಪುಸ್ತಕ ಬರೆದದ್ದು ಇಲ್ಲಿ ಅನೇಕರಿಗೆ ಗೊತ್ತು. ಆ ರಾಶಿಯಲ್ಲಿ 1132ರ ಅಕ್ಟೋಬರ್ 17ರ ಒಂದು ಪತ್ರ ಇದೆ. ಅಶು ಎಂಬ ದಾಸಿಯನ್ನು ಬೆನ್ ಯಿಜು ಬಿಡುಗಡೆ ಮಾಡಿದ ಪತ್ರ ಅದು. ಆಕೆಯೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ಓದಿದ್ದಾರೆ. 1149ರಲ್ಲಿ ಅವನು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಮರಳಿದ. ಮಗಳ ಮದುವೆ 1156ರಲ್ಲಿ ಈಜಿಪ್ಟಿನಲ್ಲಿ ನಡೆಯಿತು. ಕಾಳುಮೆಣಸು, ಅಡಿಕೆ, ಕಬ್ಬಿಣ, ಕಂಚಿನ ಪಾತ್ರೆಗಳ ಲೆಕ್ಕ ನಮ್ಮ ಕೈಗೆ ಬಂದಿದೆ. ಮಂಗಳೂರಿನ ಆ ಯಹೂದಿ ಮನೆಯ ಅಡುಗೆಮನೆಯಲ್ಲಿ ಅಶು ಏನು ಮಾಡಿದಳು, ಯಾವ ಹಾಡು ಹಾಡಿದಳು ಎಂಬುದನ್ನು ಯಾರೂ ಬರೆದಿಡಲಿಲ್ಲ. ಸಾಮಾನಿನ ಲೆಕ್ಕ ಇಡುವವರು ಯಾವ ಕಾಲದಲ್ಲೂ ಸಿಗುತ್ತಾರೆ.

ಸಾರಾ ಕೊಹೆನ್ ವಿಷಯದಲ್ಲಿ ಹಾಗಾಗಲಿಲ್ಲ ಎಂಬುದು ಸಮಾಧಾನ. ಬೀದಿಯ ಹುಡುಗ ತಾಹಾ ಕೊಚ್ಚಿಯ ಯಹೂದಿಗಳ ಚರಿತ್ರೆಯ ಬಗ್ಗೆ ಮಲಯಾಳಂ ಪುಸ್ತಕದ ಸಹಲೇಖಕರಾದರು. ಹಳೆಯ ಫೋಟೊ, ಕಾಗದ, ಅಂಚೆಚೀಟಿಗಳನ್ನು ಕೂಡಿಟ್ಟರು. ತೌಫೀಕ್ ಜಕರಿಯಾ ಎಂಬ ಇನ್ನೊಬ್ಬ ಮುಸ್ಲಿಂ ಯುವಕ ತಾನೇ ಹೀಬ್ರೂ ಅಕ್ಷರ ಕಲಿತು ಚೆಂದದ ಬರಹಗಾರನಾದರು, ಸಾರಾ ಅವರ ಮನೆಗೂ ಹತ್ತಿರವಾದರು. ಈ ಮೂವರ ಹೆಸರನ್ನೇ ಇಟ್ಟುಕೊಂಡು ‘ಸಾರಾ ತಾಹಾ ತೌಫೀಕ್’ ಎಂಬ ಸಾಕ್ಷ್ಯಚಿತ್ರವೂ ಬಂದಿದೆ. ಅಂಗಡಿ ಇವತ್ತಿಗೂ ಸಾರಾ ಅವರ ಹೆಸರಿನಲ್ಲೇ ಇದೆ. ಅಜ್ಜಿಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು ಪೋಸ್ಟ್‌ಕಾರ್ಡ್ ಮಾರುತ್ತಿದ್ದ ಆ ಹುಡುಗನ ಬಾಯಿಂದಲೇ.

2024ರ ಆಗಸ್ಟ್‌ನಲ್ಲಿ ಪರದೇಶಿ ಸಮುದಾಯದ ಕ್ವೀನಿ ಹಲ್ಲೆಗುವಾ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊಚ್ಚಿಗೆ ಕರೆಂಟು ತಂದ ಕೋಡರ್ ಮನೆತನದ ಮಗಳು. ಸಿನಗಾಗಿನ ಆಡಳಿತ ನೋಡಿಕೊಂಡವರು. ಅವತ್ತೂ ಅದೇ ಕಳೆಯುವ ಲೆಕ್ಕ ಬಂತು: ಉಳಿದವರು ಒಬ್ಬರು. ಮುಂದಿನ ಸುದ್ದಿಗೆ ತಲೆಬರಹ ಈಗಲೇ ಸಿದ್ಧವಾಗಿರುವ ಹಾಗಿದೆ.

ಸಂಖ್ಯೆ ಬೇಡ ಎಂದು ನಾವು ಹೇಳುತ್ತಿಲ್ಲ. ಎರಡು ಸಾವಿರ ಚಿಲ್ಲರೆ ಮಂದಿಯಿದ್ದ ಸಮುದಾಯ ಒಂದು ಆಯುಷ್ಯದೊಳಗೆ ಬೆರಳೆಣಿಕೆಗೆ ಬಂತು ಎಂಬುದು ಸುದ್ದಿಯೇ. ಆದರೆ ನಮ್ಮ ತಾಲೂಕುಗಳಲ್ಲೂ ದಿನಾ ಅಜ್ಜಿಯರು ಹೋಗುತ್ತಿದ್ದಾರೆ. ಅವರ ಮನೆಗೆ ಹೋದಾಗ ಕೇಳಲು ಬೇರೆ ಪ್ರಶ್ನೆಗಳಿವೆ. ಕೈಯಲ್ಲಿ ಏನು ಮಾಡುತ್ತಿದ್ದರು? ಯಾರಿಗೆ ಕಲಿಸಿದರು? ಕೊನೆಗಾಲದಲ್ಲಿ ನೀರು ಕುಡಿಸಿದವರು ಯಾರು, ಅವರ ಹೆಸರು ಸುದ್ದಿಯಲ್ಲಿ ಬಂತೇ? ಊರಿನ ಎಣಿಕೆಯಿಂದ ಯಾರನ್ನು ಹೊರಗಿಟ್ಟಿದ್ದರು? ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆದರೆ ನಾಲ್ಕು ಸಾಲಿನಲ್ಲೂ ಒಬ್ಬ ಮನುಷ್ಯರು ಕಾಣುತ್ತಾರೆ.

ಸಾರಾ ಕೊಹೆನ್ ಅವರ ಮಟ್ಟಿಗೆ ಆ ನಾಲ್ಕು ಸಾಲು ಹೀಗಿರಬಹುದಿತ್ತು. ಮಟ್ಟಾಂಚೇರಿಯ ಸಾರಾ ಕೊಹೆನ್ (96) ಶುಕ್ರವಾರ ನಿಧನರಾದರು. ಶಬ್ಬಾತ್ ರೊಟ್ಟಿಗೆ ಹೊದಿಸುವ ಬಟ್ಟೆಗೆ ಕಸೂತಿ ಹಾಕುತ್ತಿದ್ದರು. ತಮ್ಮ ಹೊಲಿಗೆಯನ್ನು ಬೀದಿಯಲ್ಲಿ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ತಾಹಾ ಇಬ್ರಾಹಿಂ ಅವರಿಗೆ ಕಲಿಸಿದ್ದರು. ಇಪ್ಪತ್ತು ವರ್ಷ ಅವರನ್ನು ನೋಡಿಕೊಂಡವರೂ ಅವರೇ.